ಮೊದಲ ವಾರವೇ ಸಂಶೋಧನೆ: ಬಾವಿ ನೀರು ಕಲಿಸಿದ ಪಾಠ

"ಮೊದಲು ಎರಡು ಸೆಮಿಸ್ಟರ್ ಕೆಮಿಸ್ಟ್ರಿ ಮುಗಿಸಲಿ, ಸಂಶೋಧನೆ ಆಮೇಲೆ" ಅಂತ ನಮ್ಮ ವಿಭಾಗದಲ್ಲಿ ಎಲ್ಲರೂ ಹೇಳಿದ್ದರು. ನಾನು ಪಾಠ ಮಾಡುವುದು ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಕಮ್ಯುನಿಟಿ ಕಾಲೇಜಿನಲ್ಲಿ. ರಾತ್ರಿ ಹಣ್ಣಿನ ಪ್ಯಾಕಿಂಗ್ ಶೆಡ್ಡಿನಲ್ಲಿ ದುಡಿದು ಬೆಳಿಗ್ಗೆ ಕ್ಲಾಸಿಗೆ ಬರುವ ಮಕ್ಕಳು. ಎಷ್ಟೋ ಜನ ಎರಡನೇ ಸೆಮಿಸ್ಟರಿಗೆ ಉಳಿಯುವುದೇ ಇಲ್ಲ. ಅವರಿಗೆ ಸಂಶೋಧನೆ ಯಾವಾಗ?

ಮೊದಲ ವಾರವೇ ಖಾಲಿ ಬಾಟಲಿ ಹಂಚಿದೆ. ಮನೆಯ ಬಾವಿ ನೀರು ತನ್ನಿ, ನೈಟ್ರೇಟ್ (ಗೊಬ್ಬರದಿಂದ ನೀರಿಗೆ ಸೇರುವ, ಹಸುಗೂಸುಗಳಿಗೆ ಅಪಾಯವಾದ ಸಾರಜನಕದ ಲವಣ) ಅಳೆಯೋಣ ಎಂದೆ. ಸುತ್ತಲೂ ಡೈರಿ, ಬಾದಾಮಿ, ಕಿತ್ತಳೆ. ಗೊಬ್ಬರ ಎಲ್ಲಿಗೆ ಇಳಿಯುತ್ತದೆ ಅಂತ ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಬಯಾಲಜಿ ಮತ್ತು ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರುಗಳನ್ನೂ ಜೊತೆಗೆ ಎಳೆದುಕೊಂಡೆ.

ಮೊದಲ ವರ್ಷ ಪೂರ್ತಿ ಸೋತೆವು. ಬಾಟಲಿಗಳು 40 ಡಿಗ್ರಿ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲೇ ಕೂತಿದ್ದವು. ಅಷ್ಟರಲ್ಲಿ ಬ್ಯಾಕ್ಟೀರಿಯಾ ತನ್ನ ಕೆಲಸ ಮಾಡಿ ನೈಟ್ರೇಟಿನ ಪ್ರಮಾಣವನ್ನೇ ಬದಲಿಸಿರುತ್ತದೆ, ಅಲ್ವಾ? ಈಗ ಐಸ್ ಪೆಟ್ಟಿಗೆ ಕಡ್ಡಾಯ, 48 ಗಂಟೆಯೊಳಗೆ ಅಳತೆ.

ಅದೇ ವರ್ಷ ಒಬ್ಬ ಹುಡುಗಿಯ ಸ್ಟ್ರಿಪ್ (ನೀರಿಗೆ ಅದ್ದಿ ಬಣ್ಣ ನೋಡುವ ಪಟ್ಟಿ) ಲೀಟರಿಗೆ 40 ಮಿಲಿಗ್ರಾಂ ತೋರಿಸಿತು. ಕುಡಿಯುವ ನೀರಿಗೆ ಅಮೆರಿಕದ ಮಿತಿ 10 ಅಂತ ಓದಿದ್ದಳು. ಅಲ್ಲೇ ಅಮ್ಮನಿಗೆ ಫೋನ್ ಮಾಡಿ, ಪಾಪುವಿನ ಹಾಲಿಗೆ ಆ ನೀರು ಬೆರೆಸಬೇಡ ಎಂದಳು. ಆದರೆ 10 ಎಂಬುದು ಸಾರಜನಕದ ಲೆಕ್ಕ, ಸ್ಟ್ರಿಪ್ ತೋರಿಸಿದ್ದು ನೈಟ್ರೇಟಿನ ಲೆಕ್ಕ. ನೈಟ್ರೇಟಿನ ತೂಕ ಅದರೊಳಗಿನ ಸಾರಜನಕದ ಸುಮಾರು 4.4 ಪಟ್ಟು; 40ನ್ನು ಅದರಿಂದ ಭಾಗಿಸಿದರೆ ಸುಮಾರು 9. ನಾನು ಬೆಳೆದದ್ದು ಕೋಲಾರದ ಕಡೆ. ಭಾರತದ ಮಿತಿ 45, ಅದೂ ನೈಟ್ರೇಟಿನ ಲೆಕ್ಕವೇ. ಅಲ್ಲಿಯ 45, ಇಲ್ಲಿಯ 10 ಹೆಚ್ಚುಕಡಿಮೆ ಒಂದೇ ಅಂತ ಗೊತ್ತಿದ್ದ ನಾನೇ ಕ್ಲಾಸಿಗೆ ಹೇಳಿರಲಿಲ್ಲ. ಅವಳು ಬಿಡಲಿಲ್ಲ: "ಈ 9, ನಿಜವಾಗಿ 9ಏನಾ?" ಸರಿಯಾದ ಪ್ರಶ್ನೆ. ಒಂದೇ ನೀರಿಗೆ ನಾಲ್ವರು ಸ್ಟ್ರಿಪ್ ಅದ್ದಿದರೆ ನಾಲ್ಕು ಬಣ್ಣ ಓದುತ್ತಿದ್ದರು. ಅಳತೆಗಳು ಎಷ್ಟು ಚದುರಿವೆ ಎಂದು ಹೇಳುವ ಸ್ಟ್ಯಾಂಡರ್ಡ್ ಡೀವಿಯೇಷನ್ ಪಾಠ ಅವತ್ತೇ ನಡೆಯಿತು. ಆ ನೀರನ್ನು ಲ್ಯಾಬಿಗೆ ಕಳಿಸಿದಾಗ ಸಾರಜನಕದ ಲೆಕ್ಕದಲ್ಲೇ ಬಂದದ್ದು 11ರ ಹತ್ತಿರ, ಮಿತಿಗಿಂತ ಜಾಸ್ತಿ. ಅಮ್ಮನಿಗೆ ಫೋನ್ ಮಾಡಿದ್ದೇ ಸರಿಯಾಗಿತ್ತು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ ಅಂತ ಅವರಿಗೆ ನಾನೇ ಹೇಳಿದೆ.

ಇನ್ನು ದುಡ್ಡು. ಕೈಗೆ ಬಂದದ್ದು ಸುಮಾರು 900 ಡಾಲರ್. ನೈಟ್ರೇಟ್ ಅಳೆಯುವ ಕ್ಯಾಡ್ಮಿಯಂ ಕಿಟ್ ಕೊಂಡೆ. ಕ್ಯಾಡ್ಮಿಯಂ ವಿಷಕಾರಿ ಲೋಹ, ಅದರ ತ್ಯಾಜ್ಯ ವಿಲೇವಾರಿಗೆ ಕಿಟ್ಟಿಗಿಂತ ಜಾಸ್ತಿ ಹೋಯಿತು. ಆಮೇಲೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಯುವಿ ಸ್ಪೆಕ್ಟ್ರೋಫೋಟೋಮೀಟರ್ (ನೀರು ಎಷ್ಟು ಅತಿನೇರಳೆ ಬೆಳಕು ಹೀರುತ್ತದೆ ಎಂದು ಅಳೆಯುವ ಯಂತ್ರ) ಎಳೆದು ತಂದೆ. ನೈಟ್ರೇಟ್ ಹೀರುವ 220 ನ್ಯಾನೋಮೀಟರ್ ಬೆಳಕಿನಲ್ಲಿ ಓದು; ಸಾವಯವ ಅಂಶವೂ ಅದನ್ನು ಹೀರುವುದರಿಂದ 275ರ ಓದಿನ ಎರಡರಷ್ಟು ಕಳೆ. ಒಂದು ವಾರ ಬರೀ ಅಸಂಬದ್ಧ ಸಂಖ್ಯೆಗಳು. ನೀರು ತುಂಬಿಡುವ ಪ್ಲಾಸ್ಟಿಕ್ ಕ್ಯೂವೆಟ್ (ಪುಟ್ಟ ಪಾರದರ್ಶಕ ಪಾತ್ರೆ) 220ರ ಬೆಳಕನ್ನು ಬಿಡುವುದೇ ಇಲ್ಲ! ಹಳೆಯ ಕ್ವಾರ್ಟ್ಜ್ ಕ್ಯೂವೆಟ್ ಎರಡು ಕೊಂಡೆ, 120 ಡಾಲರ್ ಇರಬೇಕು. ಈಗ ಒಂದು ಸ್ಯಾಂಪಲ್ಲಿಗೆ ಕಾಲು ಡಾಲರೂ ಬೀಳುವುದಿಲ್ಲ. ಇಷ್ಟು ಅಗ್ಗದಲ್ಲಿ ಮಾಡಿದವರನ್ನು ನಾನಂತೂ ನೋಡಿಲ್ಲ.

ನಡುವೆ ಮಕ್ಕಳು ಬಾವಿ ನೀರುಗಳಲ್ಲಿ ಡಕ್‌ವೀಡ್ (ನೀರ ಮೇಲೆ ತೇಲುವ ಪುಟ್ಟ ಸಸ್ಯ) ಬೆಳೆಸಿ ವಾರಗಟ್ಟಲೆ ಎಲೆ ಎಣಿಸಿದರು. ನೈಟ್ರೇಟ್ ಜಾಸ್ತಿ ಇದ್ದ ಕಡೆ ಜಾಸ್ತಿ ಬೆಳೆಯಲೇ ಇಲ್ಲ. ಚಿಟಿಕೆ ಫಾಸ್ಫೇಟ್ ಹಾಕೋಣ ಅಂದವರು ಅವರೇ. ಹಾಕಿದ ಮೇಲೆ ಬಾಟಲಿ ತುಂಬ ಹಸಿರು. ಕೊರತೆ ಇದ್ದದ್ದು ಫಾಸ್ಫೇಟಿನದು.

 

ಕಳೆದ ಸಲ 24 ಜನ ಸೇರಿದರು, 21 ಜನ ಕೊನೆಯವರೆಗೂ ಉಳಿದರು. "ಆಮೇಲೆ" ಅಂದಿದ್ದ ಸಹೋದ್ಯೋಗಿ ಮೊನ್ನೆ ತಮ್ಮ ಬಾವಿ ನೀರನ್ನೇ ತಂದರು. ನೀರು ಹಿಡಿದ ಹೊತ್ತು ಬರೆದಿಲ್ಲ ಅಂತ ನನ್ನ ವಿದ್ಯಾರ್ಥಿ ಬಾಟಲಿ ವಾಪಸ್ ಕೊಟ್ಟ.