ಸಂಡೂರು ಕಾಡಿನಲ್ಲಿ ಹಕ್ಕಿ ಎಣಿಸುವವರಿಗೆ ಒಂದು ಸಲಹೆ

ಸಂಡೂರಿನ ಕಾಡಿಗಾಗಲಿ ದರೋಜಿಯ ಕುರುಚಲು ಗುಡ್ಡಗಳಿಗಾಗಲಿ ಹಕ್ಕಿ ನೋಡಲು ಹೋಗುವ ಬಳ್ಳಾರಿಯ ಗೆಳೆಯರು, ಪ್ರತಿಸಲವೂ ಹೊಸ ಜಾಗ ಹುಡುಕುವ ಬದಲು ನಾಲ್ಕೈದು ನಿಶ್ಚಿತ ಸ್ಥಳಗಳಿಗೇ ವರ್ಷಗಟ್ಟಲೆ ಮರಳಬೇಕೆಂಬುದು ನನ್ನ ವಿನಂತಿ. ಪನಾಮಾದ ಸೊಬೆರಾನಿಯಾ ರಾಷ್ಟ್ರೀಯ ಉದ್ಯಾನದ ಮಳೆಕಾಡಿನಲ್ಲಿ 1977ರಿಂದ 2020ರವರೆಗೆ ಬಲೆ ಕಟ್ಟಿ ಹಕ್ಕಿಗಳನ್ನು ಹಿಡಿದು ಲೆಕ್ಕವಿಟ್ಟ ಸಂಶೋಧಕರಿಗೆ, ಅವರು ವಿಶ್ಲೇಷಿಸಿದ 57 ಪ್ರಭೇದಗಳಲ್ಲಿ 40 ಪ್ರಭೇದಗಳು ಕ್ಷೀಣಿಸಿರುವುದು ತಿಳಿಯಿತು. ಅದು ಸಂರಕ್ಷಿತ ಕಾಡು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ. ಎರಡು ವರ್ಷದ ಎಣಿಕೆಯಿಂದ ಇಂಥ ಬದಲಾವಣೆ ಗೊತ್ತಾಗುವುದಿಲ್ಲ.

ನಮಗೆ ಬಲೆ ಬೇಕಿಲ್ಲ. ಅದಕ್ಕೆ ಪರವಾನಗಿಯೂ ತರಬೇತಿಯೂ ಬೇಕು. ಸೂರ್ಯೋದಯದ ನಂತರದ ಮೊದಲ ಎರಡು ಗಂಟೆಗಳೊಳಗೆ ಸ್ಥಳ ತಲುಪಿ, ನಮ್ಮ ಸದ್ದಿಗೆ ಬೆದರಿದ ಹಕ್ಕಿಗಳು ಸಮಾಧಾನಗೊಳ್ಳಲು ಎರಡು ನಿಮಿಷ ಸುಮ್ಮನೆ ನಿಂತು, ಆಮೇಲೆ ಸರಿಯಾಗಿ ಹತ್ತು ನಿಮಿಷ ಎಣಿಸಿರಿ. ಕಂಡದ್ದನ್ನೂ ಕೇಳಿದ್ದನ್ನೂ ಬೇರೆಬೇರೆಯಾಗಿ ಬರೆಯಿರಿ, ಏಕೆಂದರೆ ಮುಂಗಾರಿನಲ್ಲಿ ಎಲೆ ದಟ್ಟವಾದಾಗ ಹಕ್ಕಿ ಮರೆಯಾಗುತ್ತದೆಯೇ ಹೊರತು ಕಡಿಮೆಯಾಗಿರುವುದಿಲ್ಲ. ಹಾಗಾಗಿ ಮೇ ತಿಂಗಳ ಎಣಿಕೆಯನ್ನು ಮುಂದಿನ ಮೇ ತಿಂಗಳಿನೊಂದಿಗೆ ಮಾತ್ರ ಹೋಲಿಸಬೇಕು. ಹಳದಿ ಕೊರಳಿನ ಪಿಕಳಾರ ಆ ದಿನ ಸಿಗದಿದ್ದರೆ ಹಾಳೆಯನ್ನು ಖಾಲಿ ಬಿಡದೆ ಸೊನ್ನೆ ಎಂದೇ ದಾಖಲಿಸಿರಿ. ನನ್ನ ದೃಷ್ಟಿಯಲ್ಲಿ ಇಡೀ ಪುಸ್ತಕದಲ್ಲಿ ಅತ್ಯಂತ ಬೆಲೆಬಾಳುವ ಅಂಕಿ ಅದೇ. ಎಣಿಸುವವರು ಬದಲಾದರೆ ಹೆಸರನ್ನೂ ಬರೆಯಿರಿ, ಎಲ್ಲರ ಕಿವಿ ಒಂದೇ ತೆರನಲ್ಲ.

ಕರಡಿಗಳ ಸಂಚಾರವಿರುವುದರಿಂದ ಅರಣ್ಯ ಇಲಾಖೆಯ ಅನುಮತಿ ಪಡೆದು, ಒಬ್ಬರೇ ಹೋಗದೆ ಜೊತೆಗೂಡಿಯೇ ಹೋಗಿರಿ.