ಪ್ರಕಾಶಕರು ಹಸ್ತಪ್ರತಿಯನ್ನು ಆರಿಸುವ ಬಗೆ: ಮೊದಲ ಪುಸ್ತಕ ಕಳಿಸುವವರಿಗೆ

ಕನ್ನಡ ಪ್ರಕಾಶಕರ ಪರವಾಗಿ ಹಸ್ತಪ್ರತಿಗಳನ್ನು ಓದಿ ಅಭಿಪ್ರಾಯ ಬರೆದುಕೊಡುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಬೇಡವೆಂದು ಹಿಂದಿರುಗಿಸಿದ ಹಸ್ತಪ್ರತಿಗಳಲ್ಲಿ ಎಷ್ಟೋ ಬರಹಗಳು ಚೆನ್ನಾಗಿಯೇ ಇದ್ದವು. ಅವು ಹೋಗಬೇಕಾದ ಕಡೆ ಹೋಗದೆ ಬೇರೊಂದು ಬಾಗಿಲಿಗೆ ಬಂದಿದ್ದವು, ಅಷ್ಟೆ. ಹಳಗನ್ನಡ ಛಂದಸ್ಸಿನ ಮೇಲೆ ಹತ್ತು ವರ್ಷ ದುಡಿದವರು ತಮ್ಮ ಅಧ್ಯಯನವನ್ನು ಕಥೆ ಕಾದಂಬರಿಗಳನ್ನಷ್ಟೇ ಅಚ್ಚು ಹಾಕುವವರಿಗೆ ಕಳಿಸಿ, ಆರು ತಿಂಗಳು ಕಾದು, ಎರಡು ಸಾಲಿನ ಉತ್ತರ ಪಡೆದು ಮನಸ್ಸು ಮುರಿದುಕೊಂಡದ್ದನ್ನು ಕಂಡಿದ್ದೇನೆ. ಪ್ರಕಾಶಕರು ಏನನ್ನು ನೋಡಿ ‘ಆಗಲಿ’ ಎನ್ನುತ್ತಾರೆ ಎಂಬುದು ಮೊದಲೇ ತಿಳಿದಿದ್ದರೆ ಇಂತಹ ನೋವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಇಂಗ್ಲಿಷಿನ ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಹಸ್ತಪ್ರತಿಯನ್ನು ಮೆಚ್ಚಿದ ಸಂಪಾದಕರು ಅದನ್ನು ಒಂದು ಸಭೆಯ ಮುಂದಿಟ್ಟು, ಮಾರಾಟ, ಪ್ರಚಾರ ಮತ್ತು ಹಣಕಾಸು ವಿಭಾಗದವರನ್ನು ಒಪ್ಪಿಸಬೇಕಾಗುತ್ತದೆ. ಕನ್ನಡದಲ್ಲಿ ಅಂತಹ ಸಭೆ ಅಪರೂಪ. ನಮ್ಮ ಪ್ರಕಾಶನಗಳಲ್ಲಿ ಹೆಚ್ಚಿನವು ಒಬ್ಬ ವ್ಯಕ್ತಿ ಅಥವಾ ಒಂದು ಕುಟುಂಬ ನಡೆಸುವಂಥವು; ಓದುವವರು, ಲೆಕ್ಕ ಹಾಕುವವರು, ಅಚ್ಚಿನ ಮನೆಗೆ ಓಡಾಡುವವರು, ಪುಸ್ತಕದ ಕಟ್ಟುಗಳನ್ನು ಪಾರ್ಸೆಲ್ ಮಾಡಿಸುವವರು ಎಲ್ಲರೂ ಅವರೇ. ಆದರೂ ಆ ಸಭೆಯಲ್ಲಿ ಏಳುವ ಪ್ರಶ್ನೆಗಳೆಲ್ಲ ಇಲ್ಲಿಯೂ ಏಳುತ್ತವೆ, ಒಬ್ಬರದೇ ತಲೆಯೊಳಗೆ ಏಳುತ್ತವೆ ಎಂಬುದಷ್ಟೇ ವ್ಯತ್ಯಾಸ.

ಅವುಗಳಲ್ಲಿ ಮೊದಲನೆಯದು, ಈ ಪುಸ್ತಕ ತಮ್ಮ ಪಟ್ಟಿಗೆ ಸೇರುತ್ತದೆಯೇ ಎಂಬುದು. ಪ್ರತಿಯೊಂದು ಪ್ರಕಾಶನಕ್ಕೂ ವರ್ಷಗಳಿಂದ ಕಟ್ಟಿಕೊಂಡ ಒಂದು ಚಹರೆಯಿದೆ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ಬೆಳೆದದ್ದು. ನಾಟಕ, ಕಾದಂಬರಿ, ವಿಮರ್ಶೆಗಳಿಂದ ಅದರ ಹೆಸರು ನಿಂತಿದೆ. ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಲ್ಲಿ ಕಟ್ಟಿದ ಅಕ್ಷರ ಪ್ರಕಾಶನವನ್ನು ಓದುಗರು ರಂಗಭೂಮಿ, ಸಾಹಿತ್ಯ ಚಿಂತನೆ ಮತ್ತು ಅನುವಾದಗಳಿಗಾಗಿ ಗುರುತಿಸುತ್ತಾರೆ. ವಿಜ್ಞಾನ, ಆರೋಗ್ಯ, ಮಕ್ಕಳ ಪುಸ್ತಕಗಳೆಂದರೆ ನವಕರ್ನಾಟಕ ನೆನಪಾಗುತ್ತದೆ. ಛಂದ ಪುಸ್ತಕವು ಹೊಸ ಕಥೆಗಾರರ ಹಸ್ತಪ್ರತಿಗಳಿಗೆಂದೇ ಸ್ಪರ್ಧೆ ನಡೆಸಿ, ಬಹುಮಾನ ಪಡೆದದ್ದನ್ನು ಪ್ರಕಟಿಸುತ್ತ ಬಂದಿದೆ. ಮೊದಲ ಕಥಾಸಂಕಲನ ಕೈಯಲ್ಲಿರುವವರು ಅಂತಹ ದಾರಿಯನ್ನು ತಪ್ಪದೆ ಗಮನಿಸಬೇಕು. ಈ ಚಹರೆಯನ್ನು ತಿಳಿಯಲು ಪ್ರಕಟಣೆಗಳ ಪಟ್ಟಿಯೊಂದನ್ನೇ ನೋಡಿದರೆ ಸಾಲದು. ಬೆಂಗಳೂರಿನ ಗಾಂಧಿಬಜಾರಿನ ಅಂಕಿತದಂತಹ ಮಳಿಗೆಯಲ್ಲಿಯೋ, ನಿಮ್ಮೂರಿನ ಗ್ರಂಥಾಲಯದಲ್ಲಿಯೋ ಕುಳಿತು, ನಿಮ್ಮ ಬರಹಕ್ಕೆ ಹತ್ತಿರವಾದ ಹತ್ತು ಪುಸ್ತಕಗಳನ್ನು ತೆಗೆದು, ಅವನ್ನು ಯಾರು ಯಾವ ವರ್ಷ ಪ್ರಕಟಿಸಿದರು, ಎಷ್ಟನೆಯ ಮುದ್ರಣ, ಎಷ್ಟು ಪ್ರತಿ, ಎಷ್ಟು ಬೆಲೆ ಎಂಬುದನ್ನು ಬರೆದುಕೊಳ್ಳಿ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಈ ವಿವರ ಬಹುಪಾಲು ಸಿಗುತ್ತದೆ. ಕಳೆದ ಮೂರು ವರ್ಷಗಳಲ್ಲಿ ನಿಮ್ಮ ಪ್ರಕಾರದ ಒಂದು ಪುಸ್ತಕವನ್ನೂ ತರದವರಿಗೆ ಹಸ್ತಪ್ರತಿ ಕಳಿಸಬೇಡಿ.

ಎರಡನೆಯದು ಓದು. ಮೊದಲ ಹದಿನೈದು ಇಪ್ಪತ್ತು ಪುಟಗಳಲ್ಲಿಯೇ ಓದುಗನಾಗಿ ನನಗೆ ಬಹಳಷ್ಟು ತಿಳಿದುಬಿಡುತ್ತದೆ. ಲೇಖಕರಿಗೆ ತಮ್ಮ ವಸ್ತು ಸ್ವತಃ ಗೊತ್ತಿದೆಯೇ, ವಾಕ್ಯ ಅವರದೇ ಉಸಿರಿನಲ್ಲಿ ನಡೆಯುತ್ತಿದೆಯೇ, ಹೇಳಬೇಕಾದುದನ್ನು ಹೇಳಿ ಮುಂದೆ ಸಾಗುವ ಧೈರ್ಯ ಇದೆಯೇ ಎಂಬುದನ್ನು ನೋಡುತ್ತೇನೆ. ಕಾಗುಣಿತದ ತಪ್ಪಿಗಾಗಿ ನಾನು ಯಾವ ಹಸ್ತಪ್ರತಿಯನ್ನೂ ಬದಿಗಿಟ್ಟಿಲ್ಲ. ಆದರೆ ಅಲ್ಪಪ್ರಾಣ ಮಹಾಪ್ರಾಣಗಳು ಪುಟಪುಟದಲ್ಲೂ ಅದಲುಬದಲಾಗಿದ್ದರೆ, ಇದನ್ನು ಲೇಖಕರೇ ಎರಡನೆಯ ಸಲ ಓದಿಲ್ಲವೆಂಬ ಅನುಮಾನ ಬರುತ್ತದೆ, ಮತ್ತು ಪ್ರಕಾಶಕರಿಗೆ ಅದು ಕರಡು ತಿದ್ದುವವರ ಹೆಚ್ಚುವರಿ ಖರ್ಚಾಗಿ ಕಾಣುತ್ತದೆ. ಕಥಾಸಂಕಲನವಾದರೆ ಇನ್ನೊಂದು ಮಾತು: ಅತ್ಯುತ್ತಮ ಕಥೆಯನ್ನು ಕೊನೆಗೆಂದು ಉಳಿಸಿಡಬೇಡಿ, ಅಲ್ಲಿಯವರೆಗೆ ಓದುವವರು ಬಾರದೇ ಇರಬಹುದು.

ಓದಿದವರ ಅಭಿಪ್ರಾಯಕ್ಕೆ ಎಷ್ಟು ತೂಕವಿರಬಲ್ಲದು ಎಂಬುದಕ್ಕೆ ಕನ್ನಡದಲ್ಲಿಯೇ ದೊಡ್ಡ ನಿದರ್ಶನವಿದೆ. ಮನೋಹರ ಗ್ರಂಥಮಾಲೆಗೆ ಕೀರ್ತಿನಾಥ ಕುರ್ತಕೋಟಿಯವರಂತಹ ವಿಮರ್ಶಕರು ಸಾಹಿತ್ಯ ಸಲಹೆಗಾರರಾಗಿದ್ದರು. 1961ರಲ್ಲಿ ಆ ಸಂಸ್ಥೆ ‘ಯಯಾತಿ’ಯನ್ನು ಪ್ರಕಟಿಸಿದಾಗ ಗಿರೀಶ ಕಾರ್ನಾಡರಿಗೆ ಇಪ್ಪತ್ತಮೂರರ ಆಸುಪಾಸಿನ ವಯಸ್ಸು, ಅದು ಅವರ ಮೊದಲ ನಾಟಕ. ಮಾರುಕಟ್ಟೆಯ ಲೆಕ್ಕವನ್ನಷ್ಟೇ ಮುಂದಿಟ್ಟುಕೊಂಡವರು ಹೆಸರಿಲ್ಲದ ತರುಣನ ನಾಟಕವೊಂದಕ್ಕೆ ಕಾಗದ ಕೊಳ್ಳುತ್ತಿರಲಿಲ್ಲ. ಒಳ್ಳೆಯ ಪ್ರಕಾಶಕರು ಇಂದಿಗೂ ವರ್ಷಕ್ಕೆ ಒಂದೆರಡು ಪುಸ್ತಕಗಳನ್ನು ನಷ್ಟವಾದರೂ ಸರಿ ಎಂದು ಒಪ್ಪಿಕೊಳ್ಳುತ್ತಾರೆ ಎಂಬುದು ನಾನು ಹತ್ತಿರದಿಂದ ಕಂಡ ಸಂಗತಿ, ಮತ್ತು ಅದಕ್ಕಾಗಿ ಅವರ ಮೇಲೆ ನನಗೆ ಗೌರವವಿದೆ.

ಆದರೆ ಒಂದೆರಡನ್ನು ಹಾಗೆ ಒಪ್ಪಬೇಕಾದರೆ ಉಳಿದವು ತಮ್ಮ ಖರ್ಚನ್ನು ತಾವೇ ಹೊರಬೇಕು. ಇಲ್ಲಿ ಮೂರನೆಯದಾದ ಲೆಕ್ಕ ಬರುತ್ತದೆ, ಲೇಖಕರು ಹೆಚ್ಚು ಅರಿಯದಿರುವುದೂ ಇದನ್ನೇ. ಡೆಮಿ 1/8 ಆಕಾರದ (ಕಥೆ ಕಾದಂಬರಿಗಳು ಸಾಮಾನ್ಯವಾಗಿ ಬರುವ ಅಳತೆ) 160 ಪುಟಗಳ ಪುಸ್ತಕವೊಂದನ್ನು 500 ಪ್ರತಿ ಅಚ್ಚು ಹಾಕಿಸುತ್ತಾರೆಂದು ಇಟ್ಟುಕೊಳ್ಳೋಣ. ಕಾಗದ, ಮುದ್ರಣ, ಬೈಂಡಿಂಗ್ ಸೇರಿ ಪ್ರತಿಯೊಂದಕ್ಕೆ 70 ರೂಪಾಯಿಯಂತೆ 35,000 ರೂಪಾಯಿ, ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಣೆ), ಕರಡು ತಿದ್ದುವಿಕೆ, ಮುಖಪುಟ ವಿನ್ಯಾಸಗಳಿಗೆ 15,000 ರೂಪಾಯಿ, ಒಟ್ಟು 50,000. ಮುಖಬೆಲೆ 200 ರೂಪಾಯಿ ಎಂದಾದರೆ, ಅಂಗಡಿಯವರಿಗೆ ಶೇಕಡಾ 35 ರಿಯಾಯಿತಿ ಹೋಗಿ ಉಳಿಯುವುದು 130. ಅದರಲ್ಲಿ ಮುಖಬೆಲೆಯ ಶೇಕಡಾ 10ರಂತೆ ಲೇಖಕರ ರಾಯಲ್ಟಿ 20 ರೂಪಾಯಿ ಕಳೆದರೆ ಪ್ರಕಾಶಕರ ಕೈಗೆ ಬರುವುದು 110. ಹಾಕಿದ ಹಣ ಹಿಂದಿರುಗಬೇಕಾದರೆ 455 ಪ್ರತಿಗಳು ಮಾರಾಟವಾಗಬೇಕು. ಲೇಖಕರಿಗೆ 20 ಗೌರವ ಪ್ರತಿ, ಪತ್ರಿಕೆಗಳಿಗೆ ವಿಮರ್ಶೆಗೆಂದು 10 ಪ್ರತಿ ಕೊಟ್ಟ ಮೇಲೆ ಮಾರಲು ಉಳಿದಿರುವುದೇ 470. ಗೋದಾಮಿನ ಬಾಡಿಗೆ, ಅಂಚೆಯ ವೆಚ್ಚ, ಅಂಗಡಿಗಳಿಂದ ಬಾಕಿ ವಸೂಲಿಗೆ ಹಿಡಿಯುವ ತಿಂಗಳುಗಳು ಈ ಲೆಕ್ಕದಲ್ಲಿ ಸೇರಿಯೇ ಇಲ್ಲ. ಅಂಕಿಗಳು ಪ್ರಕಾಶಕರಿಂದ ಪ್ರಕಾಶಕರಿಗೆ, ಕಾಗದದ ಬೆಲೆಯೊಂದಿಗೆ ಬದಲಾಗುತ್ತವೆ. ಆದರೆ ಇಷ್ಟು ಇಕ್ಕಟ್ಟಿನ ಲೆಕ್ಕದಲ್ಲಿ 400 ಪುಟಗಳ ಮೊದಲ ಕಾದಂಬರಿ ಎಂದೊಡನೆ ಅವರು ಏಕೆ ಹಿಂಜರಿಯುತ್ತಾರೆಂಬುದು ಇದರಿಂದ ಅರ್ಥವಾಗುತ್ತದೆ. ನಿಮ್ಮ ಕಾದಂಬರಿಗೆ ನಿಜವಾಗಿ ಅಷ್ಟು ಪುಟ ಬೇಕೇ ಎಂದು ಕಳಿಸುವ ಮೊದಲು ನೀವೇ ಕೇಳಿಕೊಳ್ಳಿ.

ಈ ಇಕ್ಕಟ್ಟಿನಲ್ಲಿ ಪ್ರಕಾಶಕರಿಗೆ ಆಸರೆಯಾಗುವ ಒಂದು ದಾರಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ. ಆಯ್ಕೆಯಾದರೆ ಕೆಲವು ನೂರು ಪ್ರತಿಗಳು ಒಮ್ಮೆಗೇ ಹೋಗುತ್ತವೆ, ದರ ಪುಟಗಳ ಲೆಕ್ಕದಲ್ಲಿ ನಿಗದಿಯಾಗುತ್ತದೆ, ಹಣ ಮಾತ್ರ ತಡವಾಗಿ ಬರುತ್ತದೆ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ನೀಡುವ ಪ್ರೋತ್ಸಾಹಧನವೂ ಇದೆ. ಅದಕ್ಕೆ ಅರ್ಹರಾಗಿದ್ದರೆ ಪತ್ರದಲ್ಲಿ ಒಂದು ಸಾಲು ತಿಳಿಸುವುದು ಒಳ್ಳೆಯದು. ವಿಶ್ವವಿದ್ಯಾಲಯದ ಪಠ್ಯವಾಗುವ ಆಸೆಯನ್ನು ಮಾತ್ರ ಪತ್ರದಲ್ಲಿ ಬರೆಯಬೇಡಿ. ಅದು ನಿಮ್ಮ ಕೈಯಲ್ಲಿಯೂ ಇಲ್ಲ, ಪ್ರಕಾಶಕರ ಕೈಯಲ್ಲಿಯೂ ಇಲ್ಲ.

ಲೇಖಕರ ಹೆಸರು ಓದುಗರಿಗೆ ಪರಿಚಿತವೇ ಎಂಬುದನ್ನೂ ನೋಡುತ್ತಾರೆ. ‘ಮಯೂರ’, ‘ಸುಧಾ’, ‘ತರಂಗ’ಗಳಲ್ಲಿ ನಾಲ್ಕಾರು ಕಥೆ ಪ್ರಕಟವಾಗಿದ್ದರೆ, ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯಲ್ಲಿ ಬಹುಮಾನ ಬಂದಿದ್ದರೆ, ಬೇರೆ ಸಂಪಾದಕರೊಬ್ಬರು ಈಗಾಗಲೇ ಓದಿ ಒಪ್ಪಿದ್ದಾರೆಂಬ ಭರವಸೆ ಸಿಗುತ್ತದೆ. ಹಾಗಾಗಿ ಇಡೀ ಸಂಕಲನವನ್ನು ಹೊತ್ತು ಬಾಗಿಲು ಬಾಗಿಲು ಅಲೆಯುವ ಮೊದಲು ಬಿಡಿಬಿಡಿ ಕಥೆಗಳನ್ನು ಪತ್ರಿಕೆಗಳಿಗೆ ಕಳಿಸಿ. ದೊಡ್ಡವರ ಮುನ್ನುಡಿಯನ್ನು ಮೊದಲೇ ಬರೆಸಿಕೊಂಡು ಬರುವವರೂ ಇದ್ದಾರೆ. ಮುನ್ನುಡಿ ನೋಡಿ ಪುಸ್ತಕ ಒಪ್ಪಿದ ಪ್ರಕಾಶಕರನ್ನು ನಾನು ಕಂಡಿಲ್ಲ. ಹಸ್ತಪ್ರತಿ ಒಪ್ಪಿಗೆಯಾಗದಿದ್ದರೆ ಬರೆದುಕೊಟ್ಟ ಹಿರಿಯರಿಗೂ ಮುಜುಗರವಾಗುತ್ತದೆ.

ಅನುವಾದದ ವಿಷಯದಲ್ಲಿ ಮೊದಲು ನೋಡುವುದು ಹಕ್ಕು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಸಾಹಿತ್ಯ ಕೃತಿಯ ಹಕ್ಕು ಉಳಿಯುತ್ತದೆ. 1970ರಲ್ಲಿ ತೀರಿಕೊಂಡವರ ಕೃತಿಗೆ 2030ರ ಕೊನೆಯವರೆಗೂ ಅನುಮತಿ ಬೇಕು. ಬರೆದು ಕೊಟ್ಟ ಅನುಮತಿಯಿಲ್ಲದೆ ಮುನ್ನೂರು ಪುಟ ಅನುವಾದಿಸಿ ತಂದರೆ, ಅದು ಎಷ್ಟೇ ಚೆನ್ನಾಗಿದ್ದರೂ ಪ್ರಕಾಶಕರು ಮುಟ್ಟುವುದಿಲ್ಲ. ಮೊದಲು ಅನುಮತಿ ಪತ್ರ, ಆಮೇಲೆ ಅನುವಾದ.

ಕಳಿಸುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹಸ್ತಪ್ರತಿಯನ್ನು ಯೂನಿಕೋಡ್‌ನಲ್ಲಿ ಬೆರಳಚ್ಚಿಸಿ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಕಡತವನ್ನು ಪರಿವರ್ತಿಸಿದ್ದರೆ ಅರ್ಕಾವತ್ತು, ಒತ್ತಕ್ಷರಗಳು ಕೆಟ್ಟಿವೆಯೇ ಎಂದು ಸಾಲುಸಾಲಾಗಿ ನೋಡಿ. ಜೊತೆಗೆ ಒಂದು ಪುಟವನ್ನು ಮೀರದ ಪತ್ರವಿರಲಿ: ಪುಸ್ತಕ ಯಾವುದರ ಬಗ್ಗೆ, ಎಷ್ಟು ಪದ, ಯಾರು ಓದಬಹುದು, ಇದರಲ್ಲಿ ಯಾವ ಭಾಗ ಎಲ್ಲಿ ಪ್ರಕಟವಾಗಿದೆ, ಇವರನ್ನೇ ಏಕೆ ಆರಿಸಿಕೊಂಡಿರಿ. ಕೊನೆಯದಕ್ಕೆ ಅವರ ಪ್ರಕಟಣೆಯೊಂದನ್ನು ಹೆಸರಿಸಿ ನಿಜವಾಗಿ ಅನಿಸಿದ್ದನ್ನು ಬರೆಯಿರಿ. ಒಂದೇ ಹಸ್ತಪ್ರತಿಯನ್ನು ಇಬ್ಬರಿಗೆ ಕಳಿಸಿದ್ದರೆ ಇಬ್ಬರಿಗೂ ತಿಳಿಸಿ. ಮೂರು ತಿಂಗಳ ಮೇಲೆ ಒಮ್ಮೆ ವಿನಯದಿಂದ ವಿಚಾರಿಸುವುದರಲ್ಲಿ ತಪ್ಪಿಲ್ಲ, ವಾರಕ್ಕೊಮ್ಮೆ ಫೋನ್ ಮಾಡುವುದು ತಪ್ಪು.

ಉತ್ತರ ‘ಇಲ್ಲ’ ಎಂದಾದರೆ ಕಾರಣ ಕೇಳಬಹುದು, ವಾದಿಸಬಾರದು. ‘ಎರಡು ಕಥೆ ತೆಗೆದು, ಕೊನೆಯದನ್ನು ಮತ್ತೆ ಬರೆದು ಕಳಿಸಿ’ ಎಂದಿದ್ದರೆ ಅದನ್ನು ತಿರಸ್ಕಾರವೆಂದು ತಿಳಿಯಬೇಡಿ. ಯಾರೋ ಕೊನೆಯ ಪುಟದವರೆಗೂ ಓದಿದ್ದಾರೆ, ಮತ್ತು ಆ ಪುಸ್ತಕ ಅವರಿಗೆ ಬೇಕಾಗಿದೆ. ಮೂರನೆಯ ಬಗೆಯ ಉತ್ತರವೂ ಬರುತ್ತದೆ: ಖರ್ಚಿನಲ್ಲಿ ಪಾಲು ಕೊಡಿ, ಇಲ್ಲವೇ 200 ಪ್ರತಿಗಳನ್ನು ನೀವೇ ಕೊಳ್ಳಿ ಎಂದು. ಆ ಹಣದಲ್ಲಿ ಪುಸ್ತಕ ಹೊರಬರುತ್ತದೆ, ನಿಜ. ಆದರೆ ನಿಮ್ಮ ಹಣ ಬಂದ ಮೇಲೆ ನಷ್ಟದ ಭಯ ಅವರಿಗಿಲ್ಲ, ಆದ್ದರಿಂದ ತಿದ್ದುವ, ಮಾರುವ ಒತ್ತಾಯವೂ ಇಲ್ಲ. ಅದನ್ನು ಆಯ್ಕೆ ಎಂದು ನಾನು ಕರೆಯುವುದಿಲ್ಲ. ಆ ದಾರಿ ಹಿಡಿಯುವುದೇ ಆದರೆ ಕಣ್ಣುತೆರೆದು, ಎಷ್ಟು ಪ್ರತಿ ಅಚ್ಚಾಗುತ್ತದೆ, ಉಳಿದ ದಾಸ್ತಾನು ಯಾರದು ಎಂದು ಬರೆಸಿಕೊಂಡೇ ಹಿಡಿಯಿರಿ.

ಉತ್ತರ ‘ಆಗಲಿ’ ಎಂದಾದಾಗ ಸಂತೋಷದಲ್ಲಿ ಕರಾರನ್ನು ಮರೆಯಬೇಡಿ. ಕನ್ನಡದಲ್ಲಿ ಬಾಯಿಮಾತಿನಲ್ಲೇ ಪುಸ್ತಕ ಬರುವುದು ಈಗಲೂ ಉಂಟು. ಆದರೆ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿದ್ದು, ಸಹಿಯಾಗಿರಬೇಕು. ಅವಧಿಯನ್ನು ಬರೆಯದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕಷ್ಟೇ ಎಂದೂ ಅದನ್ನು ಅರ್ಥೈಸಲಾಗುತ್ತದೆ. ಪಡೆದ ಹಕ್ಕನ್ನು ಪ್ರಕಾಶಕರು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಅವಧಿ ನಮೂದಾಗಿರದ ಪಕ್ಷದಲ್ಲಿ, ಆ ಹಕ್ಕು ಲೇಖಕರಿಗೆ ಮರಳುತ್ತದೆ. ಆದ್ದರಿಂದ ಕರಾರಿನಲ್ಲಿ ಪ್ರಕಟಣೆಯ ಗಡುವು, ರಾಯಲ್ಟಿಯ ಪ್ರಮಾಣ ಮತ್ತು ಅದನ್ನು ಕೊಡುವ ತಿಂಗಳು, ಇ-ಪುಸ್ತಕ, ಕೇಳುಪುಸ್ತಕ, ಅನುವಾದದ ಹಕ್ಕುಗಳು ಯಾರಲ್ಲಿರುತ್ತವೆ ಎಂಬ ನಾಲ್ಕು ಸಂಗತಿಗಳನ್ನು ಹುಡುಕಿ ಓದಿ, ಇಲ್ಲದ್ದನ್ನು ಸೇರಿಸಲು ಕೇಳಿ, ಸಹಿ ಹಾಕಿದ ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.