ಅಪ್ಪ–ಅಮ್ಮ ವಿದೇಶಕ್ಕೆ ಹೊರಟಿದ್ದಾರಾ? ಗಡಿ ತಪಾಸಣೆಗೆ ಮನೆಯಲ್ಲೇ ತಯಾರಿ ಹೀಗೆ

ಕಳೆದ ವರ್ಷ ನಮ್ಮಮ್ಮ ಒಬ್ಬಳೇ ಅಮೆರಿಕಕ್ಕೆ ಹೊರಟಳು, ತಂಗಿಯ ಬಾಣಂತನಕ್ಕೆ. ಅಲ್ಲಿ ಇಳಿದಾಗ ಬೆರಳಚ್ಚು ಯಂತ್ರ ಅವಳ ಬೆರಳನ್ನು ಓದಲೇ ಇಲ್ಲ. ನಲವತ್ತು ವರ್ಷ ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಸವೆದ ಬೆರಳುಗಳು. ಪಕ್ಕದ ಕೋಣೆಯಲ್ಲಿ ಕೂರಿಸಿದರು. ಫೋನ್ ಬಳಸಬೇಡಿ ಎಂದರು. ಹೊರಗೆ ಕಾಯುತ್ತಿದ್ದ ಅಳಿಯನಿಗೂ, ಜಯನಗರದ ಮನೆಯಲ್ಲಿ ಫೋನ್ ಹಿಡಿದು ಕೂತಿದ್ದ ನನಗೂ ಎರಡು ಗಂಟೆ ಏನೂ ಗೊತ್ತಾಗಲಿಲ್ಲ. ಆಮೇಲೆ ಬಿಟ್ಟರು. ರಾತ್ರಿ ಫೋನ್ ಮಾಡಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ನಾನೇನು ತಪ್ಪು ಮಾಡಿದ್ದೆನೇ?"

ಅವಳು ತಪ್ಪು ಮಾಡಿರಲಿಲ್ಲ. ಹೀಗೂ ಆಗಬಹುದು ಅಂತ ನಾವು ಅವಳಿಗೆ ಹೇಳಿಯೇ ಇರಲಿಲ್ಲ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಬಿಗಿಯಾಗಲು ಶುರುವಾದ ಗಡಿಗಳು ಮತ್ತೆ ಸಡಿಲವಾಗಲಿಲ್ಲ. 2004ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳಿಗೆ ಬೆರಳಚ್ಚು ಬಂತು. 2025ರ ಅಕ್ಟೋಬರ್ 12ರಿಂದ ಯುರೋಪಿನ 29 ಷೆಂಗೆನ್ ದೇಶಗಳು (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಪಾಸ್‌ಪೋರ್ಟ್ ಮೇಲಿನ ಮುದ್ರೆಯ ಬದಲು ಕಂಪ್ಯೂಟರ್ ದಾಖಲೆಗೆ ಬದಲಾಗತೊಡಗಿದವು. ಅದೇ ಡಿಸೆಂಬರ್ 26ರಿಂದ ಅಮೆರಿಕ, ಒಳಗೆ ಬರುವಾಗ ಮಾತ್ರವಲ್ಲ, ಹೊರಗೆ ಹೋಗುವಾಗಲೂ ವಿದೇಶಿಯರ ಫೋಟೊ ತೆಗೆಯುವ ನಿಯಮ ತಂದಿತು. ದೇಶಕ್ಕೆ ಭದ್ರತೆ ಬೇಕು, ಅದನ್ನು ಬೇಡ ಅನ್ನುವವರು ಯಾರು? ಆದರೆ ಅದರ ಭಾರ ಬೀಳುವುದು ಇಂಗ್ಲಿಷ್ ಬಾರದ, ಒಂಟಿಯಾಗಿ ಪ್ರಯಾಣ ಮಾಡುವ ಹಿರಿಯರ ಮೇಲೆ. ಆ ಭಾರವನ್ನು ಮನೆಯವರು ಹೇಗೆ ಹಗುರ ಮಾಡಬಹುದು, ನೋಡೋಣ.

ಹಂತ 1: ಮೊದಲು ಹೆಸರು ನೋಡಿ

ಟಿಕೆಟ್ ತೆಗೆಯುವ ಮುಂಚೆ ಪಾಸ್‌ಪೋರ್ಟ್ ತೆರೆದು ಕೂತುಕೊಳ್ಳಿ. ನಮ್ಮ ಕಡೆ ಹೆಚ್ಚಿನ ತೊಂದರೆ ಇಲ್ಲೇ ಹುಟ್ಟುತ್ತದೆ. ನಮಗೆ ಇನಿಷಿಯಲ್ ಅಭ್ಯಾಸ. ಎಚ್.ಆರ್. ಜಯಮ್ಮ ಅಂದರೆ ಎಚ್ ಊರು, ಆರ್ ಅಪ್ಪನ ಹೆಸರು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗೆ ಬಿಡಿಸಿದಾಗ ಒಬ್ಬರು ಊರನ್ನು ಸರ್‌ನೇಮ್ ಮಾಡಿರುತ್ತಾರೆ, ಇನ್ನೊಬ್ಬರು ಅಪ್ಪನ ಹೆಸರನ್ನು. ಮತ್ತೆ ಕೆಲವರು ಸರ್‌ನೇಮ್ ಜಾಗವನ್ನೇ ಖಾಲಿ ಬಿಟ್ಟಿರುತ್ತಾರೆ.

ಖಾಲಿ ಬಿಟ್ಟರೆ ಏನಾಗುತ್ತದೆ? ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ, ಅಮೆರಿಕದ ವೀಸಾದಲ್ಲಿ ಅದನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬರೆಯುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಯುಎಇ 2022ರ ನವೆಂಬರ್‌ನಲ್ಲಿ ಇನ್ನೂ ಬಿಗಿ ಮಾಡಿತು. ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಒಪ್ಪುತ್ತೇವೆ ಎಂಬ ವಿವರಣೆ ಆಮೇಲೆ ಬಂತು. ದುಬೈನಲ್ಲಿರುವ ಮಗನನ್ನು ನೋಡಲು ಹೊರಟ ಒಂದೇ ಹೆಸರಿನ ತಾಯಂದಿರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಅಲ್ವಾ?

ಹೆಸರು ಸರಿಪಡಿಸಬೇಕಾದರೆ ಪಾಸ್‌ಪೋರ್ಟನ್ನು ಮರುವಿತರಣೆಗೆ ಹಾಕಬೇಕು. ಅದಕ್ಕೆ ಸಮಯ ಬೇಕು. ಹಾಗಾಗಿ ವೀಸಾಗೆ ಅರ್ಜಿ ಹಾಕುವ ಮೊದಲೇ ಈ ಕೆಲಸ ಮುಗಿಸಿ. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಮೂರರಲ್ಲೂ ಒಂದೇ ಕಾಗುಣಿತ ಇರಲಿ. ಪಾಸ್‌ಪೋರ್ಟ್ ಮುಗಿಯುವ ದಿನಾಂಕಕ್ಕೆ ಕನಿಷ್ಠ 6 ತಿಂಗಳು ಬಾಕಿ ಇದೆಯೇ ಎಂದೂ ಆಗಲೇ ನೋಡಿಕೊಳ್ಳಿ.

ಹಂತ 2: ವೀಸಾ ಅರ್ಜಿಯನ್ನು ಅವರ ಎದುರಿಗೇ ತುಂಬಿ

ಅರ್ಜಿ ತುಂಬುವುದು ಮಕ್ಕಳು, ಉತ್ತರ ಕೊಡಬೇಕಾದವರು ಅಪ್ಪ–ಅಮ್ಮ. ಅರ್ಜಿಯಲ್ಲಿ ಏನು ಬರೆದಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿ. ಅಮೆರಿಕದ ಅರ್ಜಿಯಲ್ಲಿ ಕಳೆದ 5 ವರ್ಷದ ಸಾಮಾಜಿಕ ಜಾಲತಾಣದ ಖಾತೆಗಳನ್ನು ಕೇಳುತ್ತಾರೆ. ಮೊಮ್ಮಗ ಯಾವಾಗಲೋ ತೆರೆದುಕೊಟ್ಟು ಮರೆತ ಫೇಸ್‌ಬುಕ್ ಖಾತೆಯನ್ನೂ ಬರೆಯಬೇಕು.

ಮೊದಲು 79 ದಾಟಿದವರಿಗೆ, 14 ತುಂಬದ ಮಕ್ಕಳಿಗೆ ಸಂದರ್ಶನದ ವಿನಾಯಿತಿ ಇತ್ತು. 2025ರ ಸೆಪ್ಟೆಂಬರ್ 2ರಿಂದ ಅದು ಹೋಯಿತು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು ನಿಜ, ಆದರೆ ವೀಸಾ ಕೆಲಸ ಆಗಲೇ ಶುರುವಾಗಲಿಲ್ಲ. ಹಾಗಾಗಿ ಎಂಬತ್ತರ ಅಜ್ಜಿಯೂ ರಾತ್ರಿ ರೈಲು ಹತ್ತಿ ಚೆನ್ನೈಗೆ ಹೋಗಬೇಕಾಯಿತು. ನನಗೆ ಇದು ತೀರಾ ಸಂಕಟದ ವಿಷಯ. ಹೋಗಲೇಬೇಕಾದರೆ ಹಿಂದಿನ ದಿನವೇ ತಲುಪಿಸಿ, ಒಂದು ರಾತ್ರಿ ನಿದ್ದೆ ಮಾಡಲು ಬಿಡಿ.

ಬೆರಳಚ್ಚು ಕೊಡುವ ವಾರ ಮೆಹಂದಿ ಹಚ್ಚಿಸಬೇಡಿ. ಆಧಾರ್ ಹೆಬ್ಬೆಟ್ಟು ರೇಷನ್ ಅಂಗಡಿಯಲ್ಲಿ ಕೂರುತ್ತಿಲ್ಲ ಎನ್ನುವವರು ಕೆಲವು ವಾರ ಮುಂಚಿನಿಂದಲೇ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಲಿ. ಯಂತ್ರದ ಮುಂದೆ ಮಾತ್ರ ಕೈ ಒರೆಸಿಕೊಂಡು ಹೋಗಲಿ.

ಹಂತ 3: ಬಾಯಿಪಾಠ ಬೇಡ

ಇಪ್ಪತ್ತು ಪ್ರಶ್ನೆ, ಇಪ್ಪತ್ತು ಉತ್ತರ ಬರೆದು ಬಾಯಿಪಾಠ ಮಾಡಿಸುವವರಿದ್ದಾರೆ. ದಯವಿಟ್ಟು ಬೇಡ. ಅಧಿಕಾರಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಪಾಠ ಮರೆತುಹೋಗುತ್ತದೆ, ಮುಖ ಬಾಡುತ್ತದೆ. ಭಯಕ್ಕೂ ಸುಳ್ಳಿಗೂ ಇರುವ ವ್ಯತ್ಯಾಸ ಅಧಿಕಾರಿಗೆ ತಿಳಿಯದೇ ಹೋಗಬಹುದು.

ನಾಲ್ಕೇ ವಿಷಯ ಗೊತ್ತಿದ್ದರೆ ಸಾಕು. ಯಾರ ಮನೆಗೆ, ಯಾವ ಊರಿಗೆ, ಯಾಕೆ, ವಾಪಸ್ ಯಾವತ್ತು. "ಮಗಳಿಗೆ ಹೆರಿಗೆ ಆಗಿದೆ, ಮಗು ನೋಡಲು ಹೋಗುತ್ತಿದ್ದೇನೆ, ಇಂಥ ತಾರೀಖು ವಾಪಸ್" ಎಂದು ನಿಜವನ್ನೇ ಚಿಕ್ಕದಾಗಿ ಹೇಳಲಿ. ಇಂಗ್ಲಿಷ್ ಬಾರದಿದ್ದರೆ "ಓನ್ಲಿ ಕನ್ನಡ" ಎರಡು ಪದ ಸಾಕು. ದುಭಾಷಿ ಬೇಕು ಎಂದು ಕೇಳುವುದು ತಪ್ಪಲ್ಲ. ಅರ್ಥವಾಗದ ಪ್ರಶ್ನೆಗೆ 'ಎಸ್, ಎಸ್' ಅನ್ನಬಾರದು. ಇದನ್ನು ಮಾತ್ರ ಹತ್ತು ಸಲ ಹೇಳಿ.

ಈ ನಾಲ್ಕು ವಿಷಯವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಮಕ್ಕಳ ವಿಳಾಸ, ಫೋನ್ ನಂಬರ್ ದಪ್ಪ ಅಕ್ಷರದಲ್ಲಿರಲಿ. ಫೋನ್ ತೆಗೆದಿಟ್ಟರೂ ಹಾಳೆ ಕೈಯಲ್ಲಿರುತ್ತದೆ.

ಅಮೆರಿಕದ ಗಡಿ ಅಧಿಕಾರಿಗಳು ಫೋನ್ ತೆರೆದು ನೋಡಬಹುದು. ಲಾಕ್ ತೆಗೆಯುವುದು ಅಪ್ಪ–ಅಮ್ಮನಿಗೆ ಬರಬೇಕು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬರುವ ಫೋಟೊ, ವಿಡಿಯೊ ತಾನಾಗಿಯೇ ಗ್ಯಾಲರಿಗೆ ಇಳಿಯುವ ಸೆಟ್ಟಿಂಗ್ ಆಫ್ ಮಾಡಿಕೊಡಿ. ಯಾರೋ ಕಳಿಸಿದ್ದಕ್ಕೆ ಅಮ್ಮ ಯಾಕೆ ಉತ್ತರ ಕೊಡಬೇಕು?

ಹಂತ 4: ಬ್ಯಾಗ್ ಕಟ್ಟುವಾಗ

ಹೆಚ್ಚು ಜಗಳ ಆಗುವುದು ಇಲ್ಲಿ. ಪ್ರೀತಿಯಿಂದ ಮಾಡಿದ್ದನ್ನು ತೆಗೆದಿಡಿ ಅನ್ನುವುದು ಕಷ್ಟ.

ಎಲ್ಲಕ್ಕಿಂತ ಮೊದಲು ಗಸಗಸೆ. ಪಾಯಸಕ್ಕೆ ಅಂತ ಒಂದು ಪೊಟ್ಟಣ ಸುಮ್ನೆ ಸೇರಿಸುತ್ತೇವೆ. ಯುಎಇ, ಸೌದಿ ಅರೇಬಿಯಾ, ಸಿಂಗಪುರಗಳಲ್ಲಿ ಗಸಗಸೆ ನಿಷಿದ್ಧ. ಅದನ್ನು ಮಾದಕ ವಸ್ತುವಿನ ಸಾಲಿನಲ್ಲಿ ನೋಡುತ್ತಾರೆ. ಅಲ್ಲಿ ವಿಮಾನ ಬದಲಿಸುವುದಿದ್ದರೂ ಬೇಡ. ಟ್ರಮಡಾಲ್, ಕೋಡೀನ್ ಇರುವ ನೋವಿನ, ಕೆಮ್ಮಿನ ಔಷಧಿಗೂ ಯುಎಇಯಲ್ಲಿ ಕಟ್ಟುನಿಟ್ಟು ಇದೆ. ಉಳಿದ ಮಾತ್ರೆಗಳನ್ನು ಅವುಗಳ ಸ್ಟ್ರಿಪ್‌ನಲ್ಲೇ ಇಟ್ಟು, ವೈದ್ಯರ ಚೀಟಿ ಜೊತೆ ಹ್ಯಾಂಡ್ ಬ್ಯಾಗ್‌ಗೆ ಹಾಕಿ.

ಅಮೆರಿಕಕ್ಕೆ ಹಸಿ ಕರಿಬೇವು, ಹಣ್ಣು, ಮಾಂಸ ಬೇಡ. ಇಲ್ಲಿಂದ ಅಕ್ಕಿಯನ್ನೂ ಒಯ್ಯುವಂತಿಲ್ಲ. ಧಾನ್ಯಕ್ಕೆ ಬೀಳುವ ಖಾಪ್ರಾ ಹುಳ ಬಂದೀತೆಂಬ ಭಯ ಅದಕ್ಕೆ ಕಾರಣ. ಚಟ್ನಿಪುಡಿ, ಹುಳಿಪುಡಿ, ಹಪ್ಪಳ ಚೆಕ್-ಇನ್ ಸೂಟ್‌ಕೇಸಿಗೆ ಹೋಗಲಿ. 2018ರ ಜೂನ್ ಕೊನೆಯಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಹ್ಯಾಂಡ್ ಬ್ಯಾಗ್‌ನ ಪುಡಿಗೆ 350 ಮಿಲಿಲೀಟರ್ ಅಳತೆಯ ಮಿತಿ ಇದೆ. ಅದಕ್ಕಿಂತ ಜಾಸ್ತಿ ಇದ್ದರೆ ಬಿಚ್ಚಿ ತಪಾಸಣೆ, ಕೆಲವೊಮ್ಮೆ ಕಸದ ಡಬ್ಬಿ. ತುಪ್ಪ, ಉಪ್ಪಿನಕಾಯಿ ಕೂಡ ದ್ರವದ ಲೆಕ್ಕ, ಅವೂ ಸೂಟ್‌ಕೇಸಿಗೇ. ಆದರೆ ಒಣಕೊಬ್ಬರಿ ಸೂಟ್‌ಕೇಸಿನಲ್ಲಿ ಹೋಗುವಂತಿಲ್ಲ. ಅದರ ಎಣ್ಣೆಯಂಶದಿಂದ ಬೆಂಕಿ ಹತ್ತುವ ಅಪಾಯವಿದೆ ಎಂದು ನಿಷೇಧ. ಪವರ್ ಬ್ಯಾಂಕ್ ಕೂಡ ಸೂಟ್‌ಕೇಸಿಗೆ ಬೇಡ, ಅದು ಹ್ಯಾಂಡ್ ಬ್ಯಾಗ್‌ನಲ್ಲೇ ಇರಬೇಕು.

ಇಳಿದ ಮೇಲೆ "ತಿಂಡಿ ತಂದಿದ್ದೀರಾ" ಎಂದು ಕೇಳಿದರೆ "ಹೌದು" ಅನ್ನಲಿ. ಹೇಳಿದರೆ ಹೆಚ್ಚೆಂದರೆ ತೆಗೆದು ಬಿಸಾಡುತ್ತಾರೆ. ಮುಚ್ಚಿಟ್ಟರೆ ದಂಡ ಹಾಕಬಹುದು.

ಹಂತ 5: ದೇವನಹಳ್ಳಿಯಲ್ಲಿ

ವಿಮಾನಕ್ಕೆ ನಾಲ್ಕು ಗಂಟೆ ಮುಂಚೆ ಅಲ್ಲಿರಿ. ಹೆಬ್ಬಾಳದ ಟ್ರಾಫಿಕ್ ಬೇರೆ ಲೆಕ್ಕ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಮುಖ ಗುರುತಿಸಿ ಒಳಗೆ ಬಿಡುವ ಡಿಜಿಯಾತ್ರಾ ಇದೆಯಲ್ಲ ಎನ್ನಬೇಡಿ, ಅದು ದೇಶದೊಳಗಿನ ಪ್ರಯಾಣಕ್ಕೆ ಬಂದ ವ್ಯವಸ್ಥೆ. ವಿದೇಶಕ್ಕೆ ಹೋಗುವವರ ಇಮಿಗ್ರೇಷನ್ ಸಾಲು ತಪ್ಪಿಸುವುದು ಬೇರೆ ಯೋಜನೆ. ಕೇಂದ್ರ ಗೃಹ ಸಚಿವಾಲಯದ ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ 2025ರ ಜನವರಿಯಲ್ಲಿ ಬೆಂಗಳೂರಿಗೆ ಬಂತು. ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ, ಒಮ್ಮೆ ಬೆರಳಚ್ಚು, ಫೋಟೊ ಕೊಟ್ಟರೆ ಮುಂದೆ ಇ-ಗೇಟ್‌ನಲ್ಲಿ ಹೋಗಬಹುದು. ಶುಲ್ಕವಿಲ್ಲ. ಆಗಾಗ ಹೋಗಿಬರುವವರು ಖಂಡಿತ ಮಾಡಿಸಿಕೊಳ್ಳಿ.

ಚೆಕ್-ಇನ್ ಕೌಂಟರ್‌ನಲ್ಲಿ ವೀಸಾ, ವಾಪಸ್ ಟಿಕೆಟ್ ಎಲ್ಲ ಕೇಳಿದರೆ ಬೇಸರ ಬೇಡ. ಸರಿಯಾದ ಕಾಗದವಿಲ್ಲದವರನ್ನು ಕರೆದೊಯ್ದರೆ ವಿಮಾನ ಕಂಪನಿಗೇ ದಂಡ ಬೀಳುತ್ತದೆ. ಒಂಟಿಯಾಗಿ ಹೋಗುವ ಹಿರಿಯರಿಗೆ ವೀಲ್‌ಚೇರ್ ಮೊದಲೇ ಹೇಳಿಡಿ. ನಡೆಯಲು ಕಷ್ಟವಿದ್ದರೆ ಸಂಕೋಚ ಬೇಡ. ತಳ್ಳುವವರು ಇಮಿಗ್ರೇಷನ್‌ವರೆಗೂ ಜೊತೆಗಿರುತ್ತಾರೆ.

ಥಾಯ್ಲೆಂಡ್, ಸಿಂಗಪುರಕ್ಕೆ ಹೊರಟವರು ಅಲ್ಲಿ ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಬೇಕು. ಅದು ಉಚಿತ. ಹಣ ಕೇಳಿದರೆ ಅದು ಸರ್ಕಾರದ ಜಾಲತಾಣವಲ್ಲ.

ಹಂತ 6: ಇಳಿದ ಮೇಲೆ

ಅಬುಧಾಬಿ ಮೂಲಕ ಅಮೆರಿಕಕ್ಕೆ ಹೋಗುವವರಿಗೆ ಅಮೆರಿಕದ ತಪಾಸಣೆ ಅಬುಧಾಬಿಯಲ್ಲೇ ಆಗಬಹುದು. 2014ರಿಂದ ಅಮೆರಿಕದ ಅಧಿಕಾರಿಗಳು ಅಲ್ಲಿದ್ದಾರೆ. ಹಾಗಾಗಿ ಎರಡು ವಿಮಾನಗಳ ನಡುವೆ ಮೂರು–ನಾಲ್ಕು ಗಂಟೆ ಬಿಡಿ. ಷೆಂಗೆನ್ ದೇಶಗಳಲ್ಲಿ ನಮ್ಮವರು ವೀಸಾಗೆ ಕೊಟ್ಟ ಬೆರಳಚ್ಚನ್ನು ಗಡಿಯಲ್ಲಿ ತಾಳೆ ನೋಡಿ, ಮುಖದ ಫೋಟೊ ತೆಗೆಯುತ್ತಾರೆ. ಯಾವುದೇ 180 ದಿನದಲ್ಲಿ 90 ದಿನಕ್ಕಿಂತ ಹೆಚ್ಚು ಅಲ್ಲಿರಬಾರದು ಎಂಬ ಲೆಕ್ಕವನ್ನು ಈಗ ಯಂತ್ರವೇ ಇಡುತ್ತದೆ.

ಬೇರೆ ಕೋಣೆಗೆ ಕರೆದರೆ ಅದು ಬಂಧನವಲ್ಲ, ಎರಡನೇ ತಪಾಸಣೆ. ಇದನ್ನು ಮನೆಯಲ್ಲೇ ಹೇಳಿ ಕಳಿಸಿ. ಸಕ್ಕರೆ ಕಾಯಿಲೆ ಇದ್ದರೆ ಮಾತ್ರೆ, ಬಿಸ್ಕತ್ತು ಹ್ಯಾಂಡ್ ಬ್ಯಾಗ್‌ನಲ್ಲಿರಲಿ. ಹೊರಗೆ ಕಾಯುವವರೂ ಮೂರು ಗಂಟೆ ಗಾಬರಿಯಾಗಬಾರದು.

ಹಂತ 7: ಇರಬಹುದಾದ ದಿನ ಬರೆದಿಡಿ

ವೀಸಾ 10 ವರ್ಷದ್ದಿರಬಹುದು. ಅಷ್ಟು ದಿನ ಇರಬಹುದು ಎಂದಲ್ಲ. ಅಮೆರಿಕದಲ್ಲಿ ಎಷ್ಟು ದಿನ ಎಂದು ಹೇಳುವುದು ಐ-94 ದಾಖಲೆ. ಪ್ರವಾಸಿಗಳಿಗೆ ಸಾಮಾನ್ಯವಾಗಿ 6 ತಿಂಗಳು. ಮುದ್ರೆ ಹಾಕದೆ ಕಳಿಸುವುದೂ ಇದೆ. ಹಾಗಾಗಿ ಮನೆ ತಲುಪಿದ ದಿನವೇ ಮಕ್ಕಳು ಆನ್‌ಲೈನ್‌ನಲ್ಲಿ ತೆಗೆದು ಹೆಸರು, ತಾರೀಖು ನೋಡಲಿ. ತಪ್ಪಿದ್ದರೆ ಆಗಲೇ ಸರಿ ಮಾಡಿಸಲಿ. ಆ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಿಂದ ಗುರುತು ಮಾಡಿ. ಮಗು ಇನ್ನೂ ಚಿಕ್ಕದು, ಇನ್ನೆರಡು ವಾರ ಇರಲಿ ಅಂತ ದಾಟಿಸಬೇಡಿ. ಮುಂದಿನ ಸಲ ಗಡಿಯಲ್ಲಿ ಉತ್ತರ ಕೊಡಬೇಕಾದವರು ಅಮ್ಮ.

ವಾಪಸ್ ಬಂದ ಬೋರ್ಡಿಂಗ್ ಪಾಸ್ ಎಸೆಯಬೇಡಿ. ಸಮಯಕ್ಕೆ ಹೊರಟಿದ್ದಕ್ಕೆ ಅದೂ ಒಂದು ಸಾಕ್ಷಿ. ನಮ್ಮಮ್ಮನದು ಪಾಸ್‌ಪೋರ್ಟ್ ಜೊತೆಗೇ ಒಂದು ಕವರ್‌ನಲ್ಲಿದೆ. ಮೊಮ್ಮಗಳ ಎರಡನೇ ಹುಟ್ಟುಹಬ್ಬಕ್ಕೆ ಮತ್ತೆ ಹೋಗುತ್ತಾಳಂತೆ. ರಾತ್ರಿ ಕೈಗೆ ಎಣ್ಣೆ ಹಚ್ಚಲು ಈಗಲೇ ಶುರು ಮಾಡಿದ್ದಾಳೆ.